ಅಲಾಸ್ಕಾ ಕ್ರೂಸ್ ಮುಗಿಸಿ ಮನೆಗೆ ಬಂದ ಮೇಲೆ: ತಿಮಿಂಗಿಲ, ಹಿಮನದಿ, ರಾಶಿ ಫೋಟೊ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಅಮ್ಮ, ಅಕ್ಕ, ಭಾವ, ನಾನು ಅಲಾಸ್ಕಾ ಕ್ರೂಸ್ ಮುಗಿಸಿದೆವು. ಅಕ್ಕ-ಭಾವ ಸಿಯಾಟಲ್‌ನವರೇ, ಹಡಗು ಇಳಿದು ಮನೆಗೆ ಹೋದರು. ಅಮ್ಮ ಮತ್ತು ನಾನು ಕಳೆದ ವಾರ ಶಿವಮೊಗ್ಗ ತಲುಪಿದೆವು. ಹೋಗುವ ಮುಂಚೆ ಯಾವ ತಿಂಗಳು, ಯಾವ ಕ್ಯಾಬಿನ್, ಎಷ್ಟು ಸ್ವೆಟರ್ ಅಂತ ಇಲ್ಲೇ ಓದಿ ತಿಳಿದುಕೊಂಡಿದ್ದೆ. ಬಂದ ಮೇಲೆ ಏನು ಅಂತ ಯಾರೂ ಜಾಸ್ತಿ ಬರೆದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ನಮ್ಮ ದಾರಿ ಹೀಗಿತ್ತು: ಸಿಯಾಟಲ್‌ನಿಂದ ಹೊರಟು ಜುನೋ, ಸ್ಕ್ಯಾಗ್ವೇ, ಗ್ಲೇಸಿಯರ್ ಬೇ, ಕೆಚಿಕ್ಯಾನ್, ಕೊನೆಗೆ ಕೆನಡಾದ ವಿಕ್ಟೋರಿಯಾ, ಮತ್ತೆ ಸಿಯಾಟಲ್.

ಎಲ್ಲವನ್ನೂ ಬರೆಯಲು ಹೋಗುವುದಿಲ್ಲ. ಗ್ಲೇಸಿಯರ್ ಬೇ ಬಗ್ಗೆ ಮಾತ್ರ ಹೇಳಲೇಬೇಕು. ಬೆಳಿಗ್ಗೆ ಬಾರ್ಟ್‌ಲೆಟ್ ಕೋವ್ ಹತ್ತಿರ ಒಂದು ಸಣ್ಣ ದೋಣಿ ಬಂದು ನಮ್ಮ ಹಡಗಿಗೆ ಅಂಟಿಕೊಂಡಿತು. ಅದರಿಂದ ನ್ಯಾಷನಲ್ ಪಾರ್ಕ್‌ನ ರೇಂಜರ್‌ಗಳು ಏಣಿ ಹತ್ತಿ ಮೇಲೆ ಬಂದರು. ಸಂಜೆವರೆಗೂ ಅವರೇ ಮೈಕ್‌ನಲ್ಲಿ ವಿವರಣೆ ಕೊಟ್ಟರು. 1794ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರ್ ತಂಡದವರು ಇಲ್ಲಿಗೆ ಬಂದಾಗ ಈ ಕೊಲ್ಲಿಯೇ ಇರಲಿಲ್ಲವಂತೆ. ಬಾಯಿಯಲ್ಲೇ ಹಿಮದ ಗೋಡೆ ನಿಂತಿತ್ತು. 1879ರಲ್ಲಿ ನಿಸರ್ಗ ಬರಹಗಾರ ಜಾನ್ ಮ್ಯೂರ್ ಬರುವಷ್ಟರಲ್ಲಿ ಆ ಹಿಮ 60 ಕಿಲೋಮೀಟರ್‌ಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಕೊಲ್ಲಿಯ ತುದಿ ಮುಟ್ಟಬೇಕಾದರೆ ಹಡಗು ಸುಮಾರು 100 ಕಿಲೋಮೀಟರ್ ಒಳಗೆ ಹೋಗಬೇಕು.

ಆ ತುದಿಯಲ್ಲಿ ಮಾರ್ಜರಿ ಹಿಮನದಿ ಇದೆ. ಅಗಲ ಸುಮಾರು ಒಂದೂವರೆ ಕಿಲೋಮೀಟರ್, ಉದ್ದ 34 ಕಿಲೋಮೀಟರ್. ಹಡಗಿನ ಇಂಜಿನ್ ಸದ್ದು ತಗ್ಗಿಸಿದರು. ನೀರಿನಲ್ಲಿ ತೇಲುವ ಐಸ್ ಚೂರುಗಳು ಒಗ್ಗರಣೆಗೆ ಹಾಕಿದ ಸಾಸಿವೆ ಹಾಗೆ ಚಟಪಟ ಸಿಡಿಯುತ್ತಿದ್ದವು. ಎಷ್ಟೋ ಕಾಲದ ಹಿಂದೆ ಹಿಮದೊಳಗೆ ಸಿಕ್ಕಿಕೊಂಡ ಗಾಳಿ, ಐಸ್ ಕರಗುವಾಗ ಹೊರಗೆ ಬರುವ ಸದ್ದು ಅದು. ಒಂದು ಕಡೆ ಗೋಡೆಯಿಂದ ದೊಡ್ಡ ಚಪ್ಪಡಿ ಕಳಚಿ ಬಿತ್ತು. ಬಿದ್ದದ್ದು ಮೊದಲು ಕಂಡಿತು, ಗುಡುಗಿನ ಸದ್ದು ಆಮೇಲೆ ಬಂತು. ಅಲ್ಲಿನ ಮೂಲ ಜನ ಟ್ಲಿಂಗಿಟ್‌ನವರು ಅದನ್ನು ಬಿಳಿ ಗುಡುಗು ಅನ್ನುತ್ತಾರೆ. ಅಮ್ಮ ರೇಲಿಂಗ್ ಬಿಟ್ಟು ಕದಲಲಿಲ್ಲ. ಊಟಕ್ಕೆ ಕರೆದರೂ ಬರಲಿಲ್ಲ.

ಈಗ ನನ್ನ ಪ್ರಶ್ನೆಗಳು. ಒಂದು, ಮನೆಗೆ ಬಂದರೂ ನೆಲ ತೂಗಿದ ಹಾಗೆ ಅನಿಸುತ್ತಿದೆ. ಸ್ನಾನ ಮಾಡುವಾಗ ಕಣ್ಣು ಮುಚ್ಚಿದರೆ ಇನ್ನೂ ಜಾಸ್ತಿ. ಇದು ಎಲ್ಲರಿಗೂ ಆಗುತ್ತದಾ? ಎರಡು, ತಿಮಿಂಗಿಲದ ಬಾಲದ ಒಳ್ಳೆಯ ಫೋಟೊಗಳು ಸಿಕ್ಕಿವೆ. ಅವು ಫೋನ್‌ನಲ್ಲೇ ಕೊಳೆಯಬಾರದು ಅಂತ ನನಗೆ ಆಸೆ. ಅಲ್ಲಿ ನೋಡಿದ್ದರ ಜೊತೆ ಇಲ್ಲಿಂದಲೂ ಒಂದು ಸಂಬಂಧ ಇಟ್ಟುಕೊಳ್ಳಬೇಕು ಅನಿಸುತ್ತಿದೆ. ನೀವೆಲ್ಲ ಬಂದ ಮೇಲೆ ಏನು ಮಾಡಿದಿರಿ?


ಮಳೆಯೂರು ಸಿಯಾಟಲ್

ಮನೆ ಸೇರಿದ್ದಕ್ಕೆ ಸಂತೋಷ. ತೂಗುವುದು ತುಂಬ ಜನಕ್ಕೆ ಆಗುತ್ತದೆ, ಗಾಬರಿ ಬೇಡ. ಹಡಗಿನಲ್ಲಿ ಇದ್ದಷ್ಟೂ ದಿನ ಕಿವಿಯೊಳಗಿನ ಸಮತೋಲನದ ಅಂಗ ಮತ್ತು ಮೆದುಳು ಆ ಅಲುಗಾಟಕ್ಕೆ ಹೊಂದಿಕೊಂಡಿರುತ್ತವೆ. ನೆಲಕ್ಕೆ ಬಂದ ಮೇಲೆ ಮತ್ತೆ ನೆಲಕ್ಕೆ ಹೊಂದಿಕೊಳ್ಳಬೇಕು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗುತ್ತದೆ. ಕಣ್ಣು ಮುಚ್ಚಿದಾಗ ಜಾಸ್ತಿ ಆಗುವುದು ಯಾಕೆಂದರೆ, ನೆಲ ನಿಂತಿದೆ ಅಂತ ಸಾಕ್ಷಿ ಹೇಳುವ ಕಣ್ಣು ಆಗ ಇರುವುದಿಲ್ಲ. ಮನೆಯಲ್ಲಿ ಮಲಗಿಯೇ ಇರಬೇಡಿ, ನಡೆದಾಡಿ. ವಾರ ಕಳೆದರೂ ಇದೆ ಅಂದರೆ ಒಮ್ಮೆ ಕಿವಿ-ಮೂಗು-ಗಂಟಲು ಡಾಕ್ಟರ್‌ಗೆ ತೋರಿಸಿ. ಅಪರೂಪಕ್ಕೆ ಕೆಲವರಿಗೆ ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಇನ್ನೊಂದು, ಬೇಸಿಗೆಯಲ್ಲಿ ಸಿಯಾಟಲ್‌ಗೂ ಶಿವಮೊಗ್ಗಕ್ಕೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಅಂದರೆ ಹಗಲು-ರಾತ್ರಿ ಪೂರ್ತಿ ತಿರುಗಾಮುರುಗಾ. ಜೂನ್ ಕೊನೆಗೆ ಜುನೋದಲ್ಲಿ ಹದಿನೆಂಟು ಗಂಟೆಗೂ ಮೀರಿ ಬೆಳಕಿರುತ್ತದೆ. ಹಾಗಾಗಿ ಹಡಗಿನಲ್ಲೇ ನಿದ್ದೆ ಕೆಟ್ಟಿರುತ್ತದೆ. ಅಮ್ಮನಿಗೆ ಬೆಳಗಿನ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕೂರಲು ಹೇಳಿ.


ಹಕ್ಕಿಗಣ್ಣು

ಫೋಟೊ ವಿಷಯಕ್ಕೆ ನಾನು ಉತ್ತರ ಕೊಡುತ್ತೇನೆ, ಇದು ನನಗೆ ಬಹಳ ಇಷ್ಟದ ವಿಷಯ.

ಹಂಪ್‌ಬ್ಯಾಕ್ ತಿಮಿಂಗಿಲ ಆಳಕ್ಕೆ ಮುಳುಗುವ ಮುಂಚೆ ಬಾಲ ಎತ್ತುತ್ತದೆ. ಆ ಬಾಲದ ಅಡಿಭಾಗದಲ್ಲಿ ಕಪ್ಪು ಬಿಳಿ ಮಚ್ಚೆ, ಗೀರು, ಅಂಚಿನ ಹಲ್ಲು ಇರುತ್ತದಲ್ಲ, ಅದು ಒಂದೊಂದಕ್ಕೂ ಬೇರೆ. ನಮ್ಮ ಬೆರಳಚ್ಚಿನಷ್ಟೇ ಖಚಿತ. 'ಹ್ಯಾಪಿವೇಲ್' ಅಂತ ಒಂದು ಜಾಲತಾಣ ಇದೆ. ಬಾಲದ ಫೋಟೊ, ತೆಗೆದ ದಿನ, ಜಾಗ ಹಾಕಿದರೆ ಕಂಪ್ಯೂಟರ್ ಅದನ್ನು ಹಳೆಯ ಫೋಟೊಗಳ ಜೊತೆ ಹೋಲಿಸುತ್ತದೆ. ಮೊದಲೇ ಯಾರಾದರೂ ಆ ತಿಮಿಂಗಿಲವನ್ನು ಬೇರೆ ಕಡೆ ನೋಡಿದ್ದರೆ ನಿಮಗೆ ತಿಳಿಸುತ್ತಾರೆ. ದುಡ್ಡು ಏನೂ ಇಲ್ಲ.

ಇದು ಸುಮ್ನೆ ಕಾಲಹರಣದ ಕೆಲಸ ಅಲ್ಲ. ಪ್ರವಾಸಿಗಳು ಮತ್ತು ಸಂಶೋಧಕರು ಕೊಟ್ಟ ಇಂಥ ಫೋಟೊಗಳಿಂದಲೇ ಉತ್ತರ ಪೆಸಿಫಿಕ್‌ನ ಹಂಪ್‌ಬ್ಯಾಕ್‌ಗಳನ್ನು ಲೆಕ್ಕ ಹಾಕಿದ್ದಾರೆ. 2024ರಲ್ಲಿ ಆ ಅಧ್ಯಯನ ಹೊರಬಂತು. ಬೇಟೆ ನಿಷೇಧವಾದ ಮೇಲೆ ಅವುಗಳ ಸಂಖ್ಯೆ ಏರುತ್ತಾ ಹೋಗಿ 2012ರ ಹೊತ್ತಿಗೆ 33,000 ದಾಟಿತ್ತು. 2021ಕ್ಕೆ ಸುಮಾರು 26,600ಕ್ಕೆ ಇಳಿಯಿತು. 2014ರಿಂದ 2016ರವರೆಗೆ ಆ ಸಮುದ್ರ ವಿಪರೀತ ಬಿಸಿಯಾಗಿತ್ತು, ತಿನ್ನಲು ಮೀನು ಸಾಲಲಿಲ್ಲ. ಇದನ್ನೇ ಮುಖ್ಯ ಕಾರಣ ಅಂತ ಅವರು ಹೇಳುತ್ತಾರೆ. ಅಂದರೆ ಯಾವ ತಿಮಿಂಗಿಲ ಉಳಿದಿದೆ, ಯಾವುದು ಮತ್ತೆ ಕಾಣಲೇ ಇಲ್ಲ ಅಂತ ಗೊತ್ತಾಗಿದ್ದು ನಿಮ್ಮ ಹಾಗೆ ರೇಲಿಂಗ್ ಹಿಡಿದು ನಿಂತವರ ಫೋಟೊಗಳಿಂದ.

ದಯವಿಟ್ಟು ಇವತ್ತೇ ಹಾಕಿ. ಕ್ಯಾಮೆರಾದ ಗಡಿಯಾರ ಭಾರತದ ಸಮಯದಲ್ಲೇ ಇದೆಯಾ ಅಂತ ಮೊದಲು ನೋಡಿಕೊಳ್ಳಿ, ಹಾಗಿದ್ದರೆ ದಿನಾಂಕ ತಪ್ಪುತ್ತದೆ.


ತುಂಗಾತೀರ

ಹಕ್ಕಿಗಣ್ಣು ಅವರೇ, ಈ ಲೆಕ್ಕ ಓದಿ ಅಮ್ಮನಿಗೂ ಓದಿ ಹೇಳಿದೆ. ತುಂಬ ಥ್ಯಾಂಕ್ಸ್. ಇವತ್ತು ರಾತ್ರಿ ಕೂತು ಹಾಕುತ್ತೇನೆ. ಬಾಲದ ಫೋಟೊಗಳು ಜುನೋ ಹತ್ತಿರದ ಆಕ್ ಬೇಯಿಂದ ಸಣ್ಣ ದೋಣಿಯಲ್ಲಿ ಹೋದಾಗ ಸಿಕ್ಕಿದ್ದು. ಅಲ್ಲಿ ತಿಮಿಂಗಿಲದಿಂದ 100 ಗಜದ ಒಳಗೆ ದೋಣಿ ಹೋಗುವ ಹಾಗಿಲ್ಲ. ನಮ್ಮ ದೋಣಿಯವರು ದೂರದಲ್ಲೇ ನಿಲ್ಲಿಸಿದರು, ಯಾರು ಕೇಳಿದರೂ ಹತ್ತಿರ ಒಯ್ಯಲಿಲ್ಲ. ಅದು ನನಗೆ ಬಹಳ ಹಿಡಿಸಿತು. ಉಸಿರು ಬಿಟ್ಟಾಗ ನೀರಿನ ಕಾರಂಜಿ ಏಳುತ್ತದಲ್ಲ, ಗಾಳಿ ನಮ್ಮ ಕಡೆ ಇದ್ದಿದ್ದರಿಂದ ಆ ಮೀನು ವಾಸನೆಯೂ ಬಂತು.

ಇನ್ನೊಂದು ಹೇಳಬೇಕು. ಕೆಚಿಕ್ಯಾನ್‌ನಲ್ಲಿ ಬಂದರಿನ ಕಂಬದ ಮೇಲೆ ಬೋಳು ಹದ್ದು ಕೂತಿತ್ತು. ಬೋಳು ಅಂತ ಹೆಸರಷ್ಟೇ, ತಲೆ ತುಂಬ ಬಿಳಿ ಗರಿ. ಅಮ್ಮ ಅದನ್ನು ನೋಡಿದ ಕೂಡಲೇ "ಗರುಡ!" ಅಂತ ಕೈ ಮುಗಿದರು. ಪಕ್ಕದಲ್ಲಿದ್ದ ಅಮೆರಿಕದ ಅಜ್ಜಿ ಯಾಕೆ ಅಂತ ಕೇಳಿದರು. ಅಕ್ಕ ವಿವರಿಸಿದಳು. ಆ ಅಜ್ಜಿಯೂ ನಮ್ಮ ಅಮ್ಮನ ಪಕ್ಕ ನಿಂತು ಕೈ ಮುಗಿದರು. ಬೋಳು ಹದ್ದಿಗೆ ತಲೆ ಬಿಳಿಯಾಗಲು ಸುಮಾರು ಐದು ವರ್ಷ ಬೇಕಂತೆ. ಅಲ್ಲಿಯವರೆಗೂ ಮೈಯೆಲ್ಲ ಕಂದು. ಹತ್ತಿರದ ಮರದಲ್ಲಿ ಅಂಥದ್ದೂ ಒಂದು ಕೂತಿತ್ತು. ರೇಂಜರ್ ಹೇಳದಿದ್ದರೆ ಅದು ಬೇರೆ ಜಾತಿ ಅಂತಲೇ ಅಂದುಕೊಳ್ಳುತ್ತಿದ್ದೆವು.


ಅಘನಾಶಿನಿ

ನಿಮ್ಮ ಅಮ್ಮನ ಕಣ್ಣು ಸೂಕ್ಷ್ಮ. ನಮ್ಮ ಗರುಡಕ್ಕೂ ತಲೆ, ಎದೆ ಬಿಳಿ, ರೆಕ್ಕೆ ಕೆಂಚು ಕಂದು. ಗಾತ್ರದಲ್ಲಿ ಮಾತ್ರ ಅಮೆರಿಕದ್ದು ಬಹಳ ದೊಡ್ಡದು. ಎರಡೂ ಮೀನು ಹಿಡಿಯುತ್ತವೆ, ಸತ್ತ ಮೀನನ್ನೂ ಬಿಡುವುದಿಲ್ಲ. ಎರಡಕ್ಕೂ ಬಂದರು ಅಂದರೆ ಪ್ರೀತಿ. ತದಡಿ ಬಂದರಿಗೆ ಬೆಳಿಗ್ಗೆ ದೋಣಿ ಬರುವ ಹೊತ್ತಿಗೆ ಬನ್ನಿ, ಗರುಡಗಳು ತಲೆ ಮೇಲೆ ಸುತ್ತುತ್ತಿರುತ್ತವೆ.

ತಿಮಿಂಗಿಲದ ಮಾತು ಬಂತಲ್ಲ, ಇದನ್ನೂ ಕೇಳಿ. ಅಲಾಸ್ಕಾದ ಹಂಪ್‌ಬ್ಯಾಕ್‌ಗಳು ಚಳಿಗಾಲಕ್ಕೆ ಹವಾಯಿಗೆ ಹೋಗುತ್ತವೆ. ನಮ್ಮ ಅರಬ್ಬಿ ಸಮುದ್ರದಲ್ಲೂ ಹಂಪ್‌ಬ್ಯಾಕ್‌ಗಳಿವೆ. ಅವು ಹಾಗೆ ದೂರದ ಚಳಿ ನೀರಿಗೆ ವಲಸೆ ಹೋಗುವುದೇ ಇಲ್ಲ, ವರ್ಷವಿಡೀ ಇಲ್ಲೇ. ಬಹಳ ಕಡಿಮೆ ಉಳಿದಿವೆ. 2017ರಲ್ಲಿ ಒಮಾನ್ ತೀರದಲ್ಲಿ ಲುಬಾನ್ ಅನ್ನುವ ಹೆಣ್ಣು ತಿಮಿಂಗಿಲಕ್ಕೆ ಉಪಗ್ರಹದ ಟ್ಯಾಗ್ ಹಾಕಿದ್ದರು. ಅದು ಸಮುದ್ರ ದಾಟಿ ಗೋವಾದ ಕಡೆಗೆ ಬಂತು, ಆಮೇಲೆ ನಮ್ಮ ಪಶ್ಚಿಮ ತೀರದ ಗುಂಟ ದಕ್ಷಿಣಕ್ಕೆ ಹೋಯಿತು. ನಾವು ಕಡಲ ದಂಡೆಯಲ್ಲಿ ಗಾಳಿ ತಿನ್ನುತ್ತಾ ಕೂತಿದ್ದಾಗ ಅದು ನಮ್ಮ ಮುಂದೆಯೇ, ಕಣ್ಣಿಗೆ ಕಾಣದಷ್ಟು ದೂರದಲ್ಲಿ ಹಾದು ಹೋಗಿದೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.


ಲೆಕ್ಕದ ಮೇಷ್ಟ್ರು

ಎಲ್ಲರ ಉತ್ಸಾಹ ನೋಡಿ ಖುಷಿಯಾಯಿತು. ಆದರೆ ಒಂದು ಮಾತು ಹೇಳದೆ ಇರಲಾರೆ. ಕರಗುವ ಹಿಮ ನೋಡಲು ಸಾವಿರಾರು ಜನ ಎಣ್ಣೆ ಸುಡುವ ದೊಡ್ಡ ಹಡಗಿನಲ್ಲಿ ಹೋಗುವುದು ಸರಿಯಾ? ಬಾರ್ಟ್‌ಲೆಟ್ ಕೋವ್‌ನಲ್ಲಿ ಒಂದು ಹಂಪ್‌ಬ್ಯಾಕ್ ಅಸ್ಥಿಪಂಜರ ಇಟ್ಟಿದ್ದಾರೆ. ಸ್ನೋ ಅಂತ ಅದರ ಹೆಸರು. 2001ರಲ್ಲಿ ಕ್ರೂಸ್ ಹಡಗು ಬಡಿದು ಸತ್ತ ಗರ್ಭಿಣಿ ತಿಮಿಂಗಿಲ ಅದು. ಹ್ಯಾಪಿವೇಲ್‌ಗೆ ಫೋಟೊ ಹಾಕುವುದು ಒಳ್ಳೆಯದೇ. ಆದರೆ ಸ್ನೋ ವಿಷಯವೂ ನಮಗೆ ಗೊತ್ತಿರಬೇಕು ಅಲ್ವಾ?

ಜುನೋ ಊರಿನ ಜನಸಂಖ್ಯೆ ಸುಮಾರು 32,000. ಒಂದು ಬೇಸಿಗೆಯಲ್ಲಿ ಅಲ್ಲಿಗೆ ಬರುವ ಕ್ರೂಸ್ ಪ್ರವಾಸಿಗಳು 16 ಲಕ್ಷ ದಾಟುತ್ತಾರೆ. ಊರವರು ಸಾಕಪ್ಪಾ ಅಂದು, 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಅಂತ ಒಪ್ಪಂದ ಮಾಡಿಕೊಂಡರು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ರಸ್ತೆಯಲ್ಲಿ ರಜೆ ದಿನ ಕಾರು ಸಾಲು ನೋಡಿದವರಿಗೆ ಆ ಊರವರ ಕಷ್ಟ ಅರ್ಥವಾಗುತ್ತದೆ.


ತುಂಗಾತೀರ

ಮೇಷ್ಟ್ರೇ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಸ್ನೋ ಬಗ್ಗೆ ರೇಂಜರ್ ಕೂಡ ಹೇಳಿದರು, ಮುಚ್ಚಿಡಲಿಲ್ಲ. ಅಂಥದ್ದು ಆಗದಿರಲಿ ಅಂತಲೇ ತಿಮಿಂಗಿಲ ಹೆಚ್ಚಿರುವ ನೀರಿನಲ್ಲಿ ಹಡಗು 13 ನಾಟ್ (ಗಂಟೆಗೆ ಸುಮಾರು 24 ಕಿಲೋಮೀಟರ್) ವೇಗ ಮೀರಬಾರದು ಅನ್ನುವ ಮಿತಿ ಹಾಕುತ್ತಾರೆ. ಗ್ಲೇಸಿಯರ್ ಬೇ ಒಳಗೆ ದಿನಕ್ಕೆ ಎರಡೇ ಕ್ರೂಸ್ ಹಡಗಿಗೆ ಅನುಮತಿ. ಜಾನ್ಸ್ ಹಾಪ್ಕಿನ್ಸ್ ಅನ್ನುವ ಕವಲಿನಲ್ಲಿ ಸೀಲ್‌ಗಳು ಐಸ್ ಮೇಲೆ ಮರಿ ಹಾಕುತ್ತವೆ. ಅದಕ್ಕೇ ಬೇಸಿಗೆಯಲ್ಲಿ ಅಲ್ಲಿಗೆ ಕ್ರೂಸ್ ಹಡಗು ಹೋಗುವ ಹಾಗೇ ಇಲ್ಲ. ನಮ್ಮ ಹಡಗೂ ಆ ಕವಲಿನ ಬಾಯಿಯಿಂದಲೇ ತಿರುಗಿತು. ಮಿತಿ ಇರುವುದರಿಂದಲೇ ಅಲ್ಲಿ ಇಷ್ಟೊಂದು ಪ್ರಾಣಿ ಕಾಣಲು ಸಿಗುತ್ತವೆ ಅಂತ ನನಗೆ ಅನಿಸಿತು. ನಮ್ಮಲ್ಲೂ ಕಾಡಿನ ರಸ್ತೆಗೆ, ಬೆಟ್ಟಕ್ಕೆ ಇಂಥ ಮಿತಿ ಹಾಕಿದಾಗ ಬೈಯುವುದನ್ನು ನಿಲ್ಲಿಸಬೇಕು.

ಹಿಮ ಕರಗುವ ವಿಷಯ ಸ್ವಲ್ಪ ಬಿಡಿಸಿ ನೋಡಬೇಕು. ಗ್ಲೇಸಿಯರ್ ಬೇ ಹಿಮ ಹಿಂದೆ ಸರಿಯಲು ಶುರುವಾಗಿದ್ದು ಹದಿನೆಂಟನೇ ಶತಮಾನದಲ್ಲಿ, ಕಾರ್ಖಾನೆಗಳ ಕಾಲಕ್ಕೂ ಮೊದಲು. ಆಗಿನ ಪುಟ್ಟ ಹಿಮಯುಗ ಮುಗಿಯುತ್ತಿತ್ತು. ಅದಕ್ಕೂ ಮುಂಚೆ ಹಿಮ ಮುಂದೆ ನುಗ್ಗಿ ಬಂದಿದ್ದರಿಂದ ಹೂನಾ ಟ್ಲಿಂಗಿಟ್ ಜನ ತಮ್ಮ ಊರು ಬಿಟ್ಟು ಓಡಬೇಕಾಯಿತು. 2016ರಲ್ಲಿ ಬಾರ್ಟ್‌ಲೆಟ್ ಕೋವ್‌ನಲ್ಲಿ ಅವರ ಕುಲದ ಮನೆ ಮತ್ತೆ ಎದ್ದು ನಿಂತಿತು. ಆ ದಿನ ಅವರು ಕೊರೆದ ದೋಣಿಗಳಲ್ಲಿ ಹುಟ್ಟು ಹಾಕಿಕೊಂಡು ಬಂದರಂತೆ. ಈ ಪ್ರವಾಸದಲ್ಲಿ ಕೇಳಿದ ಕಥೆಗಳಲ್ಲಿ ನನಗೆ ಅತಿ ಹತ್ತಿರವಾಗಿದ್ದು ಇದು. ಊರು ಮುಳುಗಿ ಬೇರೆ ಕಡೆ ಹೋದವರು ಶರಾವತಿ ಸೀಮೆಯಲ್ಲಿ, ನಮ್ಮ ನೆಂಟರಲ್ಲೇ ಇದ್ದಾರೆ. ಅವರ ಊರು ಮಾತ್ರ ನೀರಿನಿಂದ ಮೇಲೆ ಬರಲಿಲ್ಲ.

ಜುನೋದ ಮೆಂಡೆನ್‌ಹಾಲ್ ಹಿಮನದಿ ಬೇರೆ. ಅದು ಜೋರಾಗಿ ಕರಗುತ್ತಿರುವುದು ನಮ್ಮ ಕಾಲದಲ್ಲಿ, ನಮ್ಮ ಕಣ್ಣೆದುರೇ. ಅಕ್ಕ ತುಂಬ ಹಿಂದೆ ಹೋಗಿದ್ದಾಗ ತೆಗೆದ ಫೋಟೊ ಫೋನ್‌ನಲ್ಲಿ ಇಟ್ಟುಕೊಂಡಿದ್ದಳು. ಅದೇ ಜಾಗದಲ್ಲಿ ನಿಂತು ಹೋಲಿಸಿ ನೋಡಿದೆವು. ಯಾರೂ ಏನೂ ಮಾತಾಡಲಿಲ್ಲ. ಅದರ ಪಕ್ಕದ ಒಂದು ಸಣ್ಣ ಹಿಮನದಿ ಕುಗ್ಗಿ ಹೋಗಿ, ಅದಿದ್ದ ಜಾಗದಲ್ಲಿ ದೊಡ್ಡ ಗುಂಡಿ ಉಳಿದಿದೆ. ಮಳೆ ನೀರು, ಕರಗಿದ ನೀರು ಅಲ್ಲಿ ತುಂಬುತ್ತದೆ. ಮೆಂಡೆನ್‌ಹಾಲ್‌ನ ಐಸೇ ಅದಕ್ಕೆ ಅಣೆಕಟ್ಟು. ತುಂಬಿದ ಮೇಲೆ ನೀರು ಐಸ್ ಅಡಿಯಿಂದ ದಾರಿ ಮಾಡಿಕೊಂಡು ಒಮ್ಮೆಲೇ ಕೆಳಗಿನ ಬಡಾವಣೆಗೆ ನುಗ್ಗುತ್ತದೆ. 2011ರಿಂದ ಇದು ಶುರುವಾಗಿದೆ. 2023, 2024, 2025ರ ಆಗಸ್ಟ್‌ಗಳಲ್ಲಿ ದೊಡ್ಡ ಪ್ರವಾಹಗಳೇ ಬಂದವು, 2024ರಲ್ಲಿ ನೂರಾರು ಮನೆಗೆ ನೀರು ಹೊಕ್ಕಿತು.

ನೋಡಲು ಹೋಗದಿದ್ದರೆ ನಾನು ಇದನ್ನೆಲ್ಲ ಓದುತ್ತಿರಲಿಲ್ಲ. ಹಾಗಂತ ಹೋಗಿದ್ದರಿಂದ ಹೊಗೆ ಕಡಿಮೆಯಾಗಲಿಲ್ಲ, ಅದೂ ನಿಜ. ಎರಡನ್ನೂ ಒಪ್ಪಿಕೊಂಡೇ ಬರೆಯುತ್ತಿದ್ದೇನೆ.


ಮಳೆಯೂರು ಸಿಯಾಟಲ್

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಬಂದರಿನಲ್ಲಿ ನಿಂತ ಹಡಗು ಇಂಜಿನ್ ನಿಲ್ಲಿಸಿ ಊರಿನ ಕರೆಂಟ್ ತೆಗೆದುಕೊಳ್ಳುವ ಏರ್ಪಾಡು ಕ್ರೂಸ್ ಹಡಗುಗಳಿಗೆ ಮೊದಲು ಬಂದಿದ್ದು ಜುನೋದಲ್ಲೇ, 2001ರಲ್ಲಿ. ಅಲ್ಲಿನದು ಜಲವಿದ್ಯುತ್. ಬುಕ್ ಮಾಡುವಾಗ ನಮ್ಮ ಹಡಗು ಅದನ್ನು ಬಳಸುತ್ತದಾ ಅಂತ ಕೇಳಿ. ಕೇಳುವವರು ಜಾಸ್ತಿಯಾದರೆ ಬಳಸುವವರೂ ಜಾಸ್ತಿಯಾಗುತ್ತಾರೆ.

ಇನ್ನೊಂದು ದಾರಿ ಇದೆ. ಅಲಾಸ್ಕಾ ಸರ್ಕಾರದ ಫೆರ್ರಿ 1963ರಿಂದ ಓಡುತ್ತಿದೆ. ಜುನೋಗೆ ಹೊರಗಿನಿಂದ ರಸ್ತೆಯೇ ಇಲ್ಲ, ಅಲ್ಲಿನವರಿಗೆ ಅದೇ ಬಸ್ಸು. ಸಿಯಾಟಲ್‌ನ ಉತ್ತರಕ್ಕಿರುವ ಬೆಲ್ಲಿಂಗ್‌ಹ್ಯಾಮ್‌ನಿಂದ ಕೆಚಿಕ್ಯಾನ್‌ಗೆ ಹೋಗುತ್ತದೆ. ಐಷಾರಾಮ ಇಲ್ಲ. ಕೆಲವರು ಡೆಕ್ ಮೇಲೆ ಟೆಂಟ್ ಹಾಕಿ ಮಲಗುತ್ತಾರೆ. ಊರವರ ಜೊತೆ ಕೂತು ಮಾತಾಡಿಕೊಂಡು ಹೋಗಬಹುದು. ಗ್ಲೇಸಿಯರ್ ಬೇ ತುದಿಗೆ ಮಾತ್ರ ಅದು ಹೋಗುವುದಿಲ್ಲ.


ಹೊಸದಾಗಿ ಹೊರಟವನು

ನಾನು ಅಪ್ಪ-ಅಮ್ಮನನ್ನು ಮುಂದಿನ ವರ್ಷ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅಮೆರಿಕದಿಂದ ಅಮೆರಿಕಕ್ಕೇ ಹೋಗುವ ಹಡಗಿಗೆ ಕೆನಡಾ ವೀಸಾ ಯಾಕೆ ಬೇಕು? ಬಾಲ್ಕನಿ ಕ್ಯಾಬಿನ್ ತೆಗೆದುಕೊಳ್ಳಲೇಬೇಕಾ? ಸಸ್ಯಾಹಾರ ಸಿಗುತ್ತದಾ?


ತುಂಗಾತೀರ

ಕೆನಡಾ ವಿಷಯಕ್ಕೆ ಒಂದು ಹಳೆಯ ಕಾನೂನು ಕಾರಣ, 1886ರದ್ದು. ಬೇರೆ ದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಊರುಗಳ ನಡುವೆ ಜನರನ್ನು ಸಾಗಿಸಬಾರದು ಅನ್ನುತ್ತದೆ ಅದು. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಹೊರದೇಶದ ಬಾವುಟದವು. ಹಾಗಾಗಿ ಸಿಯಾಟಲ್‌ನಿಂದ ಹೊರಡುವ ಹಡಗು ನಡುವೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು. ವಿಕ್ಟೋರಿಯಾದಲ್ಲಿ ಸಂಜೆ ಕೆಲವು ಗಂಟೆ ನಿಲ್ಲುವುದು ಅದಕ್ಕೇ. ಭಾರತದ ಪಾಸ್‌ಪೋರ್ಟ್ ಇದ್ದು ಗ್ರೀನ್ ಕಾರ್ಡ್ ಇಲ್ಲದವರು ಕೆನಡಾ ವೀಸಾ ಮಾಡಿಸಿಕೊಳ್ಳಬೇಕು. ಅಮೆರಿಕಕ್ಕೆ ಮತ್ತೆ ಒಳಗೆ ಬರಬೇಕಲ್ಲ, ನಿಮ್ಮ ಅಮೆರಿಕ ವೀಸಾ ಹಲವು ಸಲ ಪ್ರವೇಶ ಕೊಡುವಂಥದ್ದಾ ಅಂತಲೂ ನೋಡಿ. ಹಡಗು ಹತ್ತುವ ಜಾಗದಲ್ಲಿ ನಮ್ಮ ಮುಂದೆಯೇ ಒಂದು ಕುಟುಂಬದ ಅಜ್ಜ-ಅಜ್ಜಿಯನ್ನು ಈ ಕಾರಣಕ್ಕೆ ನಿಲ್ಲಿಸಿದರು. ನೋಡಿ ಹೊಟ್ಟೆ ಉರಿಯಿತು. ಟಿಕೆಟ್ ಮಾರಿದ ಏಜೆನ್ಸಿ ಅವರಿಗೆ ಹೇಳಿಯೇ ಇರಲಿಲ್ಲ. ಟಿಕೆಟ್‌ಗೆ ಮುಂಚೆ ವೀಸಾ, ಇದನ್ನು ಮರೆಯಬೇಡಿ.

ಬಾಲ್ಕನಿ ದುಡ್ಡಿದ್ದರೆ ಚೆನ್ನ. ಇಲ್ಲದಿದ್ದರೂ ಏನೂ ಕಳೆದುಕೊಳ್ಳುವುದಿಲ್ಲ. ತೆರೆದ ಡೆಕ್‌ನಲ್ಲಿ ಎರಡೂ ಕಡೆ ಕಾಣುತ್ತದೆ, ಪಕ್ಕದವರು "ಅಲ್ಲಿ ನೋಡಿ" ಅಂತ ತೋರಿಸುತ್ತಾರೆ. ಉಳಿದ ದುಡ್ಡಿನಲ್ಲಿ ಮನೆಯ ಒಬ್ಬೊಬ್ಬರಿಗೂ ಒಂದೊಂದು ಬೈನಾಕ್ಯುಲರ್ ಕೊಳ್ಳಿ. ಒಂದನ್ನೇ ಕೈಯಿಂದ ಕೈಗೆ ಕೊಡುವಷ್ಟರಲ್ಲಿ ತಿಮಿಂಗಿಲ ಮುಳುಗಿರುತ್ತದೆ.

ಊಟಕ್ಕೆ ತೊಂದರೆ ಇಲ್ಲ. ಹಿಂದಿನ ರಾತ್ರಿಯೇ ಹೇಳಿದರೆ ನಮ್ಮ ಹಡಗಿನ ಅಡುಗೆಯವರು ಅನ್ನ, ಬೇಳೆ, ಪಲ್ಯ ಮಾಡಿಕೊಡುತ್ತಿದ್ದರು. ಅಮ್ಮ ಒಯ್ದ ಚಟ್ನಿಪುಡಿ ಅಕ್ಕಪಕ್ಕದ ಟೇಬಲ್‌ಗೂ ಹೋಯಿತು.

ಟ್ರೇಸಿ ಆರ್ಮ್ ಅನ್ನುವ ಕವಲು ಇರುವ ಪ್ರವಾಸ ನೋಡುತ್ತಿದ್ದರೆ ವಿಚಾರಿಸಿ. 2025ರ ಆಗಸ್ಟ್ 10ರಂದು ಅಲ್ಲಿ ದೊಡ್ಡ ಗುಡ್ಡ ಕುಸಿದು ಸುನಾಮಿ ಎದ್ದಿತ್ತು. ಅದಾದ ಮೇಲೆ ಕೆಲವು ಕಂಪನಿಗಳು ದಾರಿ ಬದಲಿಸಿವೆ.


ಆಗುಂಬೆ ಹಾದಿ

ಕೆಚಿಕ್ಯಾನ್ ಮಳೆ ಬಗ್ಗೆ ಯಾರೂ ಬರೆದಿಲ್ಲವಲ್ಲ! ವರ್ಷಕ್ಕೆ ಸುಮಾರು 3,800 ಮಿಲಿಮೀಟರ್ ಅಂತ ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಆಗುಂಬೆಯಲ್ಲಿ 7,000 ದಾಟುತ್ತದೆ. ಆದರೆ ನಮ್ಮದು ಮುಂಗಾರಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಅವರದು ವರ್ಷವಿಡೀ ಜಿಟಿಜಿಟಿ.

ಆ ಮಳೆಗೆ ಬೆಳೆದ ಟೊಂಗಾಸ್ ಕಾಡು ಅಮೆರಿಕದ ಅತಿ ದೊಡ್ಡ ರಾಷ್ಟ್ರೀಯ ಅರಣ್ಯ. ಸ್ಪ್ರೂಸ್, ಹೆಮ್ಲಾಕ್, ಕೆಂಪು ಸೀಡರ್. ಅಲ್ಲಿನ ಮೂಲ ಜನ ನಿಲ್ಲಿಸುವ ಟೋಟೆಮ್ ಕಂಬ ಕೆತ್ತುವುದು ಈ ಸೀಡರ್‌ನಲ್ಲೇ. ನನಗೆ ಅತಿ ಆಶ್ಚರ್ಯ ತಂದಿದ್ದು ಸಾಲ್ಮನ್ ಮೀನಿಗೂ ಮರಕ್ಕೂ ಇರುವ ಸಂಬಂಧ. ಸಾಲ್ಮನ್ ಸಮುದ್ರದಲ್ಲಿ ಬೆಳೆದು ಮೊಟ್ಟೆ ಇಡಲು ತಾನು ಹುಟ್ಟಿದ ಹೊಳೆಗೇ ವಾಪಸ್ ಬರುತ್ತದೆ. ಕರಡಿ ಅದನ್ನು ಹಿಡಿದು ಕಾಡಿನೊಳಗೆ ಎಳೆದೊಯ್ದು, ಕೊಬ್ಬಿರುವ ಭಾಗ ತಿಂದು ಉಳಿದದ್ದನ್ನು ಅಲ್ಲೇ ಬಿಡುತ್ತದೆ. ಅದು ಕೊಳೆತು ಮಣ್ಣಿಗೆ ಸೇರುತ್ತದೆ. ಸಮುದ್ರದ ಸಾರಜನಕ ಮರದ ಒಳಗೆ ಸಿಗುತ್ತದೆ ಅಂತ ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಕೆಚಿಕ್ಯಾನ್ ಪೇಟೆಯ ನಡುವೆಯೇ ಹೊಳೆ ಹರಿಯುತ್ತದೆ. ಆಗಸ್ಟ್‌ನಲ್ಲಿ ಸೇತುವೆ ಮೇಲೆ ನಿಂತರೆ ಮೀನು ಮೇಲಕ್ಕೆ ಹಾರುವುದು ಕಾಣುತ್ತದೆ. ನೀವು ನೋಡಿದಿರಾ?


ತುಂಗಾತೀರ

ನೋಡಿದೆವು! ಅಮ್ಮ ಅದನ್ನು ನೋಡಿ, ಅಜ್ಜನ ಕಾಲದಲ್ಲಿ ಮಳೆಗಾಲದ ಮೊದಲ ನೀರಿಗೆ ಮೀನು ಗದ್ದೆಗೆ ಹತ್ತಿ ಬರುತ್ತಿದ್ದ ಹತ್ತುಮೀನಿನ ಕಥೆ ಹೇಳಿದರು. ಹಡಗಿನಲ್ಲಿ ಉಳಿದ ಹೊತ್ತೆಲ್ಲ ಅದೇ ಮಾತು.

ಈಗ ಮುಖ್ಯ ಸುದ್ದಿ. ಹ್ಯಾಪಿವೇಲ್‌ನಿಂದ ಉತ್ತರ ಬಂತು! ನಾನು ಹಾಕಿದ ಒಂದು ಬಾಲಕ್ಕೆ ಹೊಂದಿಕೆ ಸಿಕ್ಕಿದೆ. ಹಿಂದಿನ ಬೇಸಿಗೆಗಳಲ್ಲೂ ಅದೇ ಜುನೋ ಸುತ್ತಮುತ್ತ ಕಂಡಿದೆ. ಒಂದು ಚಳಿಗಾಲದಲ್ಲಿ ಹವಾಯಿಯ ಮಾವಿ ದ್ವೀಪದ ಹತ್ತಿರ ಯಾರೋ ಫೋಟೊ ತೆಗೆದಿದ್ದಾರೆ. ಮ್ಯಾಪ್ ಮೇಲೆ ಎರಡು ಚುಕ್ಕೆ, ನಡುವೆ ಸುಮಾರು 4,800 ಕಿಲೋಮೀಟರ್ ನೀರು. ಚಳಿಗಾಲ ಪೂರ್ತಿ ಹವಾಯಿಯಲ್ಲಿ ಹೆಚ್ಚು ಕಡಿಮೆ ಉಪವಾಸ. ಮರಿ ಹಾಕಿ, ಹಾಲುಣಿಸಿ, ಬೇಸಿಗೆಗೆ ಅಲಾಸ್ಕಾಕ್ಕೆ ಬಂದು ಹೆರಿಂಗ್ ಮೀನು ತಿಂದು ಕೊಬ್ಬು ಕಟ್ಟಿಕೊಳ್ಳುತ್ತವೆ. ಅಮ್ಮನ ಮೊದಲ ಪ್ರಶ್ನೆ: "ಮರಿ ಇದೆಯಂತಾ?" ಅದರ ಬಗ್ಗೆ ಅಲ್ಲಿ ಏನೂ ಬರೆದಿಲ್ಲ. ಇನ್ನು ಮೇಲೆ ಅದನ್ನು ಯಾರಾದರೂ ಎಲ್ಲಾದರೂ ನೋಡಿದರೆ ನನಗೆ ಮೇಲ್ ಬರುತ್ತದೆ. ನಾವು ತಿಮಿಂಗಿಲ ನೋಡಿದೆವು ಅನ್ನುವುದಕ್ಕೂ, ಈ ತಿಮಿಂಗಿಲ ನೋಡಿದೆವು ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಅಂತ ನನಗೆ ಈಗ ಗೊತ್ತಾಯಿತು. ಇನ್ನೊಂದು ಬಾಲಕ್ಕೆ ಇನ್ನೂ ಹೊಂದಿಕೆ ಸಿಕ್ಕಿಲ್ಲ, ಕಾಯುತ್ತೇನೆ.


ಹಕ್ಕಿಗಣ್ಣು

ಓದಿ ಕಣ್ಣು ತುಂಬಿತು. ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಒಂದು ಕೇಳುತ್ತೇನೆ, ಕಡಲ ನೀರುನಾಯಿ ಕಂಡಿತಾ? ತುಪ್ಪಳಕ್ಕಾಗಿ ಕೊಂದು ಕೊಂದು ಆಗ್ನೇಯ ಅಲಾಸ್ಕಾದಲ್ಲಿ ಒಂದೂ ಉಳಿದಿರಲಿಲ್ಲ. 1960ರ ದಶಕದಲ್ಲಿ ಬೇರೆ ಕಡೆಯಿಂದ ಸುಮಾರು 400 ತಂದು ಬಿಟ್ಟರು. ಇವತ್ತು ಅಲ್ಲಿ ಸಾವಿರಗಟ್ಟಲೆ ಇವೆ.


ತುಂಗಾತೀರ

ಕಂಡವು, ಗ್ಲೇಸಿಯರ್ ಬೇ ಬಾಯಿಯಲ್ಲಿ. ಬೆನ್ನ ಮೇಲೆ ಮಲಗಿ ತೇಲುತ್ತಿದ್ದವು. ಒಂದರ ಹೊಟ್ಟೆ ಮೇಲೆ ಮರಿ ಮಲಗಿತ್ತು. ತುಪ್ಪಳ ಅಷ್ಟು ದಟ್ಟವಾಗಿರುವುದರಿಂದಲೇ ಆ ಚಳಿ ನೀರಿನಲ್ಲಿ ಬದುಕುತ್ತವೆ, ಅದೇ ತುಪ್ಪಳ ಅವುಗಳ ಜೀವ ತೆಗೆದಿದ್ದು. ನಮ್ಮ ಕಡೆ ಹೊಳೆಯ ನೀರುನಾಯಿ ನೋಡಬೇಕು ಅಂತ ಅಮ್ಮ ಹಠ ಹಿಡಿದಿದ್ದಾರೆ. ತುಂಗೆಯ ದಂಡೆಯಲ್ಲೇ ಹುಟ್ಟಿ ಬೆಳೆದರೂ ಅವರು ಒಮ್ಮೆಯೂ ನೋಡಿಲ್ಲವಂತೆ. ಎಲ್ಲಿಗೆ ಕರೆದುಕೊಂಡು ಹೋಗಲಿ?


ಹಕ್ಕಿಗಣ್ಣು

ನಿಮ್ಮದೇ ನೀರು ಹರಿದು ಹೋಗುವ ಕಡೆಗೆ ಹೋಗಿ. ಹೊಸಪೇಟೆಯ ಅಣೆಕಟ್ಟಿನ ಕೆಳಗೆ ತುಂಗಭದ್ರೆಯಲ್ಲಿ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿಯೇ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ಹಂಪಿ ನಡುವಿನಲ್ಲೇ ಬರುತ್ತದೆ. ಮಳೆಗಾಲ ಮುಗಿದು ನೀರು ಇಳಿದ ಮೇಲೆ ಹೋಗಿ. ಈಗ ಅಣೆಕಟ್ಟಿನ ಗೇಟ್ ತೆಗೆದಿದ್ದರೆ ಬಂಡೆಗಳೆಲ್ಲ ಮುಳುಗಿರುತ್ತವೆ. ಬೆಳಕು ಹರಿಯುವಾಗ ಬಂಡೆ ಮರೆಯಲ್ಲಿ ಸದ್ದಿಲ್ಲದೆ ಕೂರಬೇಕು. ಸಾಮಾನ್ಯವಾಗಿ ಗುಂಪಾಗಿ ಬರುತ್ತವೆ, ಸಿಳ್ಳೆಯಂಥ ಕೂಗಿನಿಂದ ಮೊದಲು ಗೊತ್ತಾಗುತ್ತದೆ. ಮೀನುಗಾರರನ್ನು ಕೇಳಿ, ನಿನ್ನೆ ಎಲ್ಲಿ ಬಲೆ ಹರಿದವು ಅಂತ ಅವರೇ ಹೇಳುತ್ತಾರೆ. ತೆಪ್ಪದವರು ಹತ್ತಿರ ಒಯ್ಯುತ್ತೇನೆ ಅಂದರೆ ಬೇಡ ಅನ್ನಿ, ದಂಡೆಯಿಂದಲೇ ನೋಡಿ. ಬೈನಾಕ್ಯುಲರ್ ಹೇಗೂ ನಿಮ್ಮ ಹತ್ತಿರ ಇದೆ. ಹೊರಡುವ ಮುಂಚೆ ಇಲ್ಲಿ ಒಂದು ಸಾಲು ಬರೆಯಿರಿ. ನಾನು ಗಂಗಾವತಿಯವನು, ರಜೆ ಇದ್ದರೆ ನಾನೂ ಬರುತ್ತೇನೆ.